ಡ್ರಮ್ಮಿನ ಮೇಲೆ ಕಂಡುಬಂದ ನೊರೆಯ ಕುರಿತು

ಮಾನ್ಯ ಓದುಗರಲ್ಲಿ ಈ ಮೂಲಕ ಮೊದಲಾಗಿ ಕ್ಷಮೆ ಕೋರುವುದೇನೆಂದರೆ, ನನ್ನ ಕಾಗುಣಿತ ದುರ್ಬಲವಾಗಿದ್ದು, ಕೈಬರಹ ಅದನ್ನು ಮುಚ್ಚಿಡುವಷ್ಟು ಮಾತ್ರ ಕೆಟ್ಟದಾಗಿದೆ. ಭದ್ರಾವತಿಯ ಕಾರ್ಖಾನೆಯೊಂದರ ಕಚೇರಿಯಲ್ಲಿ ನಿವೃತ್ತಿಯವರೆಗೂ ಪತ್ರ ಬರೆದ ನನಗೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎನ್ನದೆ ಹೆಂಡತಿಯ ಹತ್ತಿರ ಕಾಫಿ ಕೇಳುವುದೂ ಕಷ್ಟ.

ಸದರಿ ವಿಷಯವೇನೆಂದರೆ, ಆಲ್ಕೊಳದ ನಮ್ಮ ಮನೆಗೆ ಭಾವಮೈದುನ ಆಗುಂಬೆ ಕಡೆಯಿಂದ ತಂದ ಹೂಗಿಡಗಳ ಎಲೆಗಳಲ್ಲಿ ಹಸಿರು ಕಪ್ಪೆಗಳೆರಡು ಪೂರ್ವಾನುಮತಿಯಿಲ್ಲದೆ ಬಂದಿದ್ದವು. ಸೀಬೆಮರದಿಂದ ಜಿಗಿದು, ಬೆರಳುಗಳ ನಡುವಿನ ಕೆಂಪು ಪೊರೆಯನ್ನು ಕೊಡೆಯಂತೆ ಬಿಚ್ಚಿ, ತೇಲಿಕೊಂಡು ಬಟ್ಟೆ ಒಣಹಾಕುವ ಹಗ್ಗಕ್ಕೆ ಇಳಿಯುತ್ತಿದ್ದವು. ಒಂದು ದಿನ ಮಳೆನೀರಿನ ಡ್ರಮ್ಮಿನ ಮೇಲೆ ಬಾಗಿದ ಕೊಂಬೆಯಲ್ಲಿ ನೊರೆಯ ಮುದ್ದೆ ಕಂಡಿತು. ನನ್ನ ಹೆಂಡತಿ ಸುಮಿತ್ರಾ ಪಕ್ಕದ ಮನೆಯ ವಾಷಿಂಗ್ ಮೆಷಿನ್ನನ್ನು ಅನುಮಾನಿಸಿದಳು. ನಾನು ಮೊಬೈಲಿನಲ್ಲಿ ಪರಿಶೀಲಿಸಲಾಗಿ, ಅದು ಕಪ್ಪೆಯ ಗೂಡೆಂದೂ, ಮರಿಗಳು ನೊರೆ ಕರಗಿದಾಗ ನೇರ ಕೆಳಗಿನ ನೀರಿಗೆ ಬೀಳುವುವೆಂದೂ ತಿಳಿದುಬಂದಿತು.

ಅಷ್ಟರಲ್ಲಿ ಡೆಂಗಿ ತಪಾಸಣೆಗೆ ಬಂದ ಆರೋಗ್ಯ ಕಾರ್ಯಕರ್ತೆ, “ಅಮ್ಮ, ಡ್ರಮ್ ನೀರು ಚೆಲ್ಲಿಬಿಡಿ, ನಾಳೆ ಬಂದು ನೋಡ್ತೀನಿ” ಎಂದು ಹೋದರು. ಸುಮಿತ್ರಾ ಒಪ್ಪಿದಳು. ಚೆಲ್ಲಿದರೆ ಮರಿಗಳು ಬೀಳುವುದು ಸಿಮೆಂಟಿನ ಮೇಲೆ.

ತ್ಯಾವರೆಕೊಪ್ಪದ ಹುಲಿ-ಸಿಂಹಧಾಮದಲ್ಲಿ ಕೆಲಸದಲ್ಲಿರುವ ಸ್ನೇಹಿತನಿಗೆ ಫೋನ್ ಮಾಡಿದೆ. “ಹುಲಿ ಮರದಿಂದ ಹಾರಿದ್ರೆ ಹೇಳು ಮಾರಾಯ, ಬರ್ತೀನಿ” ಎಂದ. ಹೆಂಡತಿಗೆ ಎದುರಾಡಿ ಅಭ್ಯಾಸವಿಲ್ಲದ ಕಾರಣ, ಮರುದಿನ ಬೆಳಿಗ್ಗೆ ಕೋಣೆಯಲ್ಲಿ ಕುಳಿತು, ಕಚೇರಿಯ ಪದ್ಧತಿಯಂತೆ ಪ್ರತಿ ವಾಕ್ಯವನ್ನೂ ಓದಿಕೊಳ್ಳುತ್ತ ಮರಿಗಳಿಗೆ ಬದಲಿ ನೀರಿನ ವ್ಯವಸ್ಥೆ ಕೋರಿ ಅವಳಿಗೊಂದು ಮನವಿ ಬರೆಯತೊಡಗಿದೆ. ‘ಕೂಡಲೇ’ ಎಂಬುದು ಒರಟೆನಿಸಿ ‘ಸಾಧ್ಯವಾದಲ್ಲಿ’ ಎಂದು ತಿದ್ದಿದೆ. ಶುದ್ಧಪ್ರತಿ ಆರಂಭಿಸುವಾಗ ಹಿತ್ತಲಲ್ಲಿ ನೀರು ಚೆಲ್ಲಿದ ಸದ್ದಾಯಿತು.

ಓಡಿದೆ. ಡ್ರಮ್ಮು ಬೋರಲು ಬಿದ್ದಿತ್ತು. ಮೇಲೆ ನೊರೆ ಕರಗುತ್ತಿತ್ತು. ಅದರ ನೇರ ಕೆಳಗೆ, ನಾನು ಮಂಡಿನೋವಿಗೆ ಬಿಸಿನೀರಿನಲ್ಲಿ ಕಾಲಿಡುವ ಟಬ್ಬು. ಅದರಲ್ಲಿ ಅರ್ಧ ನೀರು, ನಾಲ್ಕಾರು ಮರಿಗಳು. ಸುಮಿತ್ರಾ ಹಳೇ ಸೊಳ್ಳೆಪರದೆ ಹಿಡಿದು ನಿಂತಿದ್ದಳು.

“ಎಲ್ಲಾ ಬಿದ್ದಮೇಲೆ ಇದನ್ನ ಕಟ್ಟಿದ್ರೆ ಆ ಡೆಂಗಿ ಹುಡುಗಿಗೂ ಸಮಾಧಾನ. ನೋಡ್ತಾ ನಿಂತ್ರೆ ಹೇಗೆ? ಬಾವಿ ನೀರು ತನ್ನಿ.”

ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ಬಾಯಿಬಿಟ್ಟು ಓದ್ಕೊಂಡೇ ಬರೀತೀರಲ್ಲ. ಅಡುಗೆಮನೆಗೆ ಎಲ್ಲಾ ಕೇಳತ್ತೆ. ‘ಕೂಡಲೇ’ ಅಂತ್ಲೇ ಇರಲಿ ಬಿಡಿ.”

ಟಬ್ಬು ಇನ್ನೂ ನನ್ನ ವಶಕ್ಕೆ ಬಂದಿರುವುದಿಲ್ಲ, ಮಂಡಿನೋವು ಯಥಾಸ್ಥಿತಿಯಲ್ಲಿದೆ. ಈ ಬರಹವನ್ನೂ ಓದಿಕೊಳ್ಳುತ್ತಲೇ ಬರೆದಿರುವುದರಿಂದ ಅಡುಗೆಮನೆಯಿಂದ ಕೆಲವು ತಿದ್ದುಪಡಿಗಳು ಈಗಾಗಲೇ ಬಂದಿರುತ್ತವೆ. ಒಗ್ಗರಣೆಯ ಸದ್ದಿನಲ್ಲಿ ಅವಳಿಗೆ ಕೇಳಿಸದೆ ಉಳಿದ ತಪ್ಪುಗಳನ್ನು ಓದುಗರು, ಸಾಧ್ಯವಾದಲ್ಲಿ, ತಿದ್ದಿಕೊಡಬೇಕಾಗಿ ವಿನಂತಿ.