ಭಾವ ಎಣಿಸಿದ ಮೀನು

ನಮ್ಮ ಭಾವ ಮೂವತ್ತು ವರ್ಷ ಮೀನಿನಿಂದಲೇ ಹೊಟ್ಟೆ ಹೊರೆದರು, ಆದರೆ ಒಂದು ಮೀನನ್ನೂ ಬಾಯಿಗಿಟ್ಟವರಲ್ಲ! ಮೈಸೂರಿನ ಅಗ್ರಹಾರದಿಂದ ಸಂಖ್ಯಾಶಾಸ್ತ್ರ ಓದಲು ಸಿಯಾಟಲ್‌ಗೆ ಬಂದವರು, ಈರುಳ್ಳಿ ಹಾಕಿದ ಸಾರನ್ನೂ ಅನುಮಾನದಿಂದ ನೋಡುವವರು, ಹೋಗಿ ಹೋಗಿ ಇಲ್ಲಿನ ಕೇಂದ್ರ ಸರ್ಕಾರದಲ್ಲಿ ಮೀನು ಎಣಿಸುವ ನೌಕರಿ ಹಿಡಿದರು. ಸಮುದ್ರದಿಂದ ಮರಳಿ ಬರುವ ಸಾಲ್ಮನ್ ಮೀನುಗಳು ಹತ್ತಿಹೋಗಲೆಂದು ನೀರಿನಲ್ಲಿ ಮೆಟ್ಟಿಲು ಕಟ್ಟಿದ್ದಾರೆ. ಪಕ್ಕದಲ್ಲೊಂದು ಗಾಜಿನ ಕೋಣೆ. ಅಲ್ಲಿ ಕೂತು, ಮೀನು ಹಾದುಹೋದಾಗಲೆಲ್ಲ ಅಂಗೈಯಲ್ಲಿರುವ ಪುಟ್ಟ ಯಂತ್ರವನ್ನು ಟಿಕ್ ಎಂದು ಒತ್ತಬೇಕು. ಸೋಮವಾರ ವಾರದ ಅಂಕಿಯನ್ನು ಮೇಲಿನ ಕಚೇರಿಗೆ ಕಳಿಸಬೇಕು. ಅಲ್ಲಿಂದ ಇಂಗ್ಲಿಷಿನಲ್ಲಿ ಒಂದೇ ಪದದ ಉತ್ತರ ಬರುತ್ತಿತ್ತು: ‘ತಲುಪಿತು.’

ಸಂಜೆ ಭಾವ ಡುವಾಲ್ ಊರಿನ ತಮ್ಮ ಮನೆಗೆ ಬಂದ ಮೇಲೆ ಸ್ನಾನವಾಗದೆ ಅಡುಗೆಮನೆಗೆ ಪ್ರವೇಶವಿಲ್ಲ. ಅದು ನನ್ನ ಅಕ್ಕನ ಕಾನೂನು.

“ಮೀನು ಗಾಜಿನ ಆಚೆ ಇರತ್ತಲ್ಲೇ, ಈಚೆ ಇರೋರಿಗೆ ಯಾಕೆ ಮಡಿ?” ಎಂದು ಕೇಳಿದ್ದೆ.

“ದಿನವಿಡೀ ಅದನ್ನೇ ನೋಡಿರ್ತಾರೆ ಕಣೆ,” ಎಂದಳು ಅಕ್ಕ. ಇದಕ್ಕೆ ಯಾವ ಕೋರ್ಟಿನಲ್ಲಿ ಮೇಲ್ಮನವಿ ಹಾಕುವುದು?

ಆ ಯಂತ್ರ ಭಾವನ ಜೇಬು ಬಿಟ್ಟಿದ್ದೇ ಇಲ್ಲ. ಒಂದು ಭಾನುವಾರ ಅಕ್ಕ ದೋಸೆ ಬಡಿಸುತ್ತಿದ್ದಾಗ ಮೇಜಿನ ಕೆಳಗಿನಿಂದ ಸಣ್ಣಗೆ ಟಿಕ್, ಟಿಕ್ ಎಂಬ ಸದ್ದು. ಭಾವ ನನ್ನ ಗಂಡನ ಕಡೆ ತಿರುಗಿ, “ನಿಮ್ಮದು ಒಂಬತ್ತು. ತಪ್ಪು ತಿಳ್ಕೋಬೇಡಿ, ಕೈ ಅಭ್ಯಾಸ,” ಎಂದರು. ನನ್ನ ಗಂಡ ಅಂದಿನಿಂದ ಆ ಮನೆಗೆ ಓವರ್‌ಲೇಕ್‌ನ ನಮ್ಮ ಮನೆಯಲ್ಲೇ ತಿಂಡಿ ಮುಗಿಸಿಕೊಂಡು ಹೊರಡುತ್ತಾರೆ.

ಆಮೇಲೆ ಆದೇಶಗಳ ಕಾಲ ಬಂತು. ಟೀವಿಯಲ್ಲಿ ಅಧ್ಯಕ್ಷರು ದಪ್ಪ ಪೆನ್ನಿನಿಂದ ಸಹಿ ಹಾಕಿ, ಕಾಗದವನ್ನು ಎತ್ತಿ ತೋರಿಸುವುದು. ಒಂದು ದಿನ ಹೊರದೇಶದ ಸರಕಿಗೆ ಸುಂಕ, ಇನ್ನೊಂದು ದಿನ ಸರ್ಕಾರದ್ದೇ ಕಚೇರಿಗಳಿಗೆ ಕತ್ತರಿ. ಭಾವ ಸೋಫಾದ ಮೇಲೆ ಕೂತು ಪ್ರತಿ ಸಹಿಗೂ ಒಂದು ಟಿಕ್ ಒತ್ತುತ್ತಿದ್ದರು.

“ಎಷ್ಟಾಯ್ತು ಭಾವ?”

“ಮೀನಾದ್ರೆ ಸೀಸನ್ ಮುಗಿದ ಮೇಲೆ ನಿಲ್ತವೆ,” ಎಂದರು.

ಅವರ ಕಚೇರಿ ವಾಣಿಜ್ಯ ಇಲಾಖೆಗೆ ಸೇರಿದ್ದೆಂದು ನನಗೆ ಗೊತ್ತಾಗಿದ್ದೇ ಆಗ. ಮೀನಿಗೂ ವಾಣಿಜ್ಯಕ್ಕೂ ಏನು ಸಂಬಂಧ ಎಂದು ಕೇಳಿದೆ. “ಹಿಡಿಯೋವರೆಗೂ ಏನೂ ಇಲ್ಲಮ್ಮ,” ಎಂದರು.

ಅಷ್ಟರಲ್ಲಿ ನೌಕರರಿಗೆಲ್ಲ ಮೇಲ್ ಬಂತು: ಕಳೆದ ವಾರ ಏನು ಕೆಲಸ ಮಾಡಿದಿರಿ, ಐದು ಅಂಶಗಳಲ್ಲಿ ಬರೆಯಿರಿ. ಭಾವ ಕಂಗಾಲಾದರು. ಅವರು ಮಾಡಿದ್ದು ಒಂದೇ ಕೆಲಸ!

“ಐದು ದಿನ ಎಣಿಸಿದೀರಲ್ಲ, ದಿನಕ್ಕೊಂದು ಸಾಲು ಬರೀರಿ,” ಎಂದಳು ಅಕ್ಕ.

“ಐದು ದಿನ ಮಾಡಿದ್ರೆ ಐದು ಕೆಲಸ ಆಗತ್ತೇನೇ?”

ನಾನು ಸಾಫ್ಟ್‌ವೇರ್ ಕಂಪನಿಯವಳು. ಒಂದು ಕೆಲಸವನ್ನು ಹನ್ನೆರಡಾಗಿ ತೋರಿಸುವುದು ನಮ್ಮ ಕುಲವಿದ್ಯೆ. ಐದೇ ನಿಮಿಷದಲ್ಲಿ ಬರೆದುಕೊಟ್ಟೆ. ಜಲಚರ ಸಂಚಾರದ ನಿರಂತರ ವಿಶ್ಲೇಷಣೆ, ದತ್ತಾಂಶದ ಗುಣಮಟ್ಟ ಪರಿಶೀಲನೆ, ಹೀಗೆ. ಭಾವ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. “ತುಂಬಾ ಚೆನ್ನಾಗಿದೆ. ಯಾರು ಈ ಮನುಷ್ಯ?” ಎಂದವರೇ, ಎಲ್ಲವನ್ನೂ ಅಳಿಸಿ ಒಂದು ಸಾಲು ಕಳಿಸಿದರು: ‘ಮೀನು ಎಣಿಸಿದೆ.’

ಮೂರು ವಾರಕ್ಕೆ ನೌಕರಿ ಹೋಯಿತು. ನನಗೆ ಭಾವನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ಅವರನ್ನು ಒತ್ತಾಯಿಸಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಆಮೇಲೆ ಅಕ್ಕ ಹೇಳಿದಳು, ಆ ವಿಭಾಗದ ಎಲ್ಲರಿಗೂ ಕೆಲಸದಿಂದ ತೆಗೆದ ಅದೇ ಮೇಲ್ ಬಂದಿತ್ತಂತೆ, ಐದೈದು ಅಂಶ ಬರೆದವರಿಗೂ. ಯಾರ ಮೇಲ್‌ನಲ್ಲೂ ಹೆಸರಿರಲಿಲ್ಲ. ಅದನ್ನು ಕೇಳಿ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಭಾವ ಮರುದಿನವೂ ಮೊಸರನ್ನದ ಡಬ್ಬಿ ಹಿಡಿದು ಹೊರಟರು. ಈ ಸಲ ಒಳಹೋದದ್ದು, ಮೀನು ನೋಡಲು ಬರುವ ಜನರಿಗೆಂದಿರುವ ಬಾಗಿಲಿನಿಂದ. ಶಾಲೆಯ ಮಕ್ಕಳ ಹಿಂದೆ ನಿಂತು, ಅವರ ತಲೆಗಳ ಮೇಲಿಂದ ಇಣುಕಿ ಎಣಿಸಿದರು. ಮೂವತ್ತು ವರ್ಷದ ಎಣಿಕೆ ತಮ್ಮ ಕೈಯಲ್ಲಿ ನಿಲ್ಲಬಾರದು ಎಂಬುದೊಂದೇ ಅವರ ಆಸೆ. ಸೋಮವಾರ ಅಂಕಿ ಕಳಿಸಿದರು. ಆ ವಿಳಾಸವೇ ಇಲ್ಲವೆಂದು ವಾಪಸ್ ಬಂತು.

ಮುಂದಿನ ಸೋಮವಾರ ನಾನು ಮೀಟಿಂಗ್‌ನಲ್ಲಿದ್ದಾಗ ನನಗೊಂದು ಮೇಲ್ ಬಂತು. ವಾರದ ಅಂಕಿ, ಕೆಳಗೆ ಒಂದು ಸಾಲು: ‘ಯಾರಿಗೆ ಕಳಿಸಬೇಕೋ ಗೊತ್ತಾಗಲಿಲ್ಲ, ಬೇಜಾರು ಮಾಡ್ಕೋಬೇಡ.’ ನಾನು ‘ತಲುಪಿತು’ ಎಂದು ಉತ್ತರಿಸಿದೆ. ಸಂಜೆ ಅಕ್ಕ ಫೋನ್ ಮಾಡಿದಳು. “ಏನು ಬರೆದೆಯೇ ಅವರಿಗೆ? ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದ್ರು.”

ಹೀಗೆ ಬೇಸಿಗೆ ಕಳೆಯಿತು. ಪ್ರತಿ ಸೋಮವಾರ ಒಂದು ಅಂಕಿ, ಒಂದು ‘ತಲುಪಿತು.’ ಮೀನೆಂದರೆ ಅಂಗಡಿಯಲ್ಲಿ ಮೂಗು ಮುಚ್ಚಿಕೊಂಡು ದಾಟುವ ನಾನು, ಅಂಕಿ ಏರಿದರೆ ಖುಷಿಪಡುವಷ್ಟಾದೆ!

ಮೊನ್ನೆ ಸೋಮವಾರದ ಮೇಲ್‌ನಲ್ಲಿ ಅಂಕಿ ಇರಲಿಲ್ಲ. ‘ಬಾಗಿಲು ತೆಗೆಯಲು ಸಿಬ್ಬಂದಿ ಇಲ್ಲವೆಂದು ಗಾಜಿನ ಕೋಣೆ ಮುಚ್ಚಿದ್ದಾರೆ. ಐದು ದಿನವೂ ಹೋಗಿ ಗೇಟಿನ ಹತ್ತಿರ ನಿಂತಿದ್ದೆ. ಮೀನು ಬಂದಿರುತ್ತವೆ.’

ಹನ್ನೆರಡು ಬಗೆಯಲ್ಲಿ ಬರೆಯಬಲ್ಲ ನನಗೆ ಬೇರೆ ಮಾತು ಸಿಗಲಿಲ್ಲ.

‘ತಲುಪಿತು, ಭಾವ,’ ಎಂದು ಬರೆದೆ.