ಸವಳು ಗೆದ್ದ ಒಂದೇ ಒಂದು ತೆನೆ

ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ಮಾಡುವವನಿಗೆ ಒಂದು ಜೋಳದ ಗಿಡ ಪಳಗಿಸುವುದು ದೊಡ್ಡ ಮಾತೇ? ಎಪ್ಪತ್ತರ ದಶಕದ ಕೊನೆಯಲ್ಲಿ ಶಿಗ್ಗಾಂವಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ನಾನು ಹಾಗೆಂದೇ ತಿಳಿದಿದ್ದೆ.

ಹುಲಗೂರಿನ ಹತ್ತಿರ ನನ್ನ ಮಾವನವರ ಹೊಲ. ಅದರಲ್ಲಿ ಹಳ್ಳದ ಕಡೆಯ ಅರ್ಧ ಎಕರೆ ಬರೀ ಸವಳು. ಉಪ್ಪು ಬಿಳಿ ಪುಡಿಯಾಗಿ ಮೇಲೆದ್ದು ಬರುವ ಆ ನೆಲದಲ್ಲಿ ಬಿತ್ತಿದ್ದೆಲ್ಲ ಸುಟ್ಟುಹೋಗುತ್ತಿತ್ತು.

"ನಾ ಸಾಯೂದ್ರಾಗ ಇಲ್ಲಿ ಒಂದ ಸಲ ಜ್ವಾಳದ ರಾಶಿ ನೋಡಬೇಕ್ರಿ ಮಾಸ್ತರ" ಎಂದರು ಮಾವ. ಮಗಳನ್ನು ಕೊಟ್ಟವರು ಬಾಯಿಬಿಟ್ಟು ಕೇಳಿದ್ದು ಅದೊಂದೇ.

"ಮಾಡಿ ತೋರಸ್ತೇನ್ರಿ!" ಎಂದುಬಿಟ್ಟೆ.

ಹಿತ್ತಲಲ್ಲಿ ಹಳೆಯ ಡಬ್ಬಿಗಳಿಗೆ ಮಣ್ಣು ತುಂಬಿ, ಜೋಳ ಬಿತ್ತಿ, ಸಸಿಗಳಿಗೆ ದಿನಾ ಉಪ್ಪುನೀರು ಕುಡಿಸತೊಡಗಿದೆ. ಗಿಡಕ್ಕೆ ರೂಢಿಯಾದರೆ ಅದರ ಬೀಜಕ್ಕೂ ರೂಢಿಯಾಗುತ್ತದೆ ಎಂಬುದು ನನ್ನ ಮಹಾ ಸಿದ್ಧಾಂತ.

"ರೀ, ಸಾರಿಗೆ ಹಾಕಾಕ ಉಪ್ಪಿಲ್ಲ. ನಿಮ್ಮ ಗಿಡಕ್ಕರ ರುಚಿ ಹತ್ತೈತೇನು?" ಎಂದಳು ಹೆಂಡತಿ ಗಿರಿಜಾ.

ಹತ್ತಿರಲಿಲ್ಲ. ಎಂಟನೆಯ ದಿನ ಎಲ್ಲವೂ ಸತ್ತಿದ್ದವು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಗಿರಿಜಾ ಡಬ್ಬಿಗಳನ್ನು ನೋಡುತ್ತ, "ಅಲ್ರೀ, ನನ್ನ ಕಿವಿ ಚುಚ್ಚ್ಯಾರ. ಹಂಗಂತ ನಿಮ್ಮ ಮಗಳು ಕಿವಿಯಾಗ ತೂತು ಇಟಗೊಂಡ ಹುಟ್ಟಿದಳೇನು?" ಎಂದು ಕೇಳಿದಳು. ಪಾಠ ಹೇಳುವವನು ನಾನು, ತಿಳಿದವಳು ಅವಳು!

ಆಮೇಲೆ ಬುದ್ಧಿ ಬಂತು. ತಾಳುವ ಗುಣ ಗಿಡದ ವಂಶವಾಹಿಯಲ್ಲೇ ಇರಬೇಕು. ಅಂಥ ಗಿಡವನ್ನು ಹುಡುಕಬೇಕು. ಅಬಲೂರು, ರಟ್ಟೀಹಳ್ಳಿ ಎಂದು ಪರಿಚಯದವರ ಮನೆಮನೆಯಿಂದ ಹಿಡಿ ಹಿಡಿ ಬಿತ್ತನೆ ಜೋಳ ತಂದು ಸವಳಿನಲ್ಲಿ ಬಿತ್ತಿಸಿದೆ. ಆ ವರ್ಷ ಹಿಂಗಾರಿ ಮಳೆಯೂ ಕೈಕೊಟ್ಟಿತು. ಸವಳಿನ ಸಸಿಗಳೆಲ್ಲ ಒಣಗಿದವು. ಒಂದೇ ಒಂದು ನಿಂತಿತು! ಬರವನ್ನೂ ಉಪ್ಪನ್ನೂ ತಡೆದುಕೊಂಡು ಹಸಿರಾಗಿ ತೆನೆ ಬಿಟ್ಟಿತು!

ಬೇರೆ ಜೋಳದ ಪರಾಗ ಬಿದ್ದು ಬೀಜ ಬೆರಕೆಯಾಗದಿರಲೆಂದು ತೆನೆಗೆ ಕಾಗದದ ಚೀಲ ಕಟ್ಟಿದೆ. "ಇದನ್ನ ಜ್ವಾಕಿ ಮಾಡ್ರಿ" ಎಂದು ಮಾವನವರಿಗೆ ಹೇಳಿದೆ. ಯಾಕೆಂದು ಮಾತ್ರ ಹೇಳಲಿಲ್ಲ. ಒಕ್ಕಲಿಗನಿಗೆ ವಂಶವಾಹಿ ತಿಳಿದೀತೇ ಎಂಬ ಕೊಬ್ಬು!

ಸೀತನಿಯ ಕಾಲ ಬಂತು. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿ ಬಿಸಿ ಕಾಳು ತಿನ್ನುವ ಹೊಲದ ಔತಣ ಅದು. ತಾಲೂಕಿನ ಕೃಷಿ ಅಧಿಕಾರಿಗಳನ್ನು ಕರೆದುಕೊಂಡು ಹೋದೆ. ಮೊದಲು ಗಿಡವನ್ನು ಕಣ್ಣಾರೆ ನೋಡಿ, ಕಾಳು ಬಲಿತ ಮೇಲೆ ಅದನ್ನು ಬೀಜ ಹೆಚ್ಚಿಸಲು ಸಂಶೋಧನಾ ಕೇಂದ್ರಕ್ಕೆ ಕಳಿಸುತ್ತೇನೆಂದು ಅವರು ಮಾತು ಕೊಟ್ಟಿದ್ದರು.

"ಮೊದಲ ಸೀತನಿ ತಿನ್ರಿ, ಗಿಡ ಎಲ್ಲಿ ಓಡಿಹೋಗತೈತಿ?" ಎಂದು ಮಾವ ನಮ್ಮನ್ನು ಕಂಬಳಿಯ ಮೇಲೆ ಕೂರಿಸಿದರು. ನಾನು ಮುಷ್ಟಿ ಮುಷ್ಟಿ ಮುಕ್ಕುತ್ತಲೇ ಸಾಹೇಬರಿಗೆ ವಂಶವಾಹಿಯ ಮಹಿಮೆ ಬಣ್ಣಿಸಿದೆ.

ತಿಂದೆದ್ದು ಸವಳಿಗೆ ಹೋದೆವು. ಬಟಾಬಯಲು!

"ಮಾವಾರ, ನನ್ನ ಗಿಡ ಎಲ್ಲೈತ್ರಿ?"

"ಚೀಲ ಕಟ್ಟಿದ್ದಾ? ಹಕ್ಕಿ ತಿನ್ನಬಾರದಂತ ನೀವ ಮುಚ್ಚಿ ಇಟ್ಟಿದ್ರಿ. ಸವಳಿನ ಚೊಚ್ಚಲ ತೆನಿ, ಅಳಿಯಂದಿರ ತಿನ್ನಲಿ ಅಂತ ಬ್ಯಾರೇನ ಸುಟ್ಟು ನಿಮ್ಮ ಮುಂದ ಇಟ್ಟಿದ್ನೆಲ್ರಿ!"

ದಂಟು? ಬುಡಸಮೇತ ಎತ್ತಿನ ಬಾಯಲ್ಲಿತ್ತು.

ತೊದಲುತ್ತ ವಿಷಯ ಬಿಡಿಸಿ ಹೇಳಿದೆ. ಮಾವ ಅಲ್ಲೇ ಬದುವಿನ ಮೇಲೆ ಕುಸಿದು ಕುಳಿತರು. "ಬೀಜಕ್ಕ ಅಂತ ಒಂದ ಮಾತ ಅಂದಿದ್ರ ಹಗಲೂರಾತ್ರಿ ಕಾಯ್ತಿದ್ನೆಲ್ರಿ ಮಾಸ್ತರ" ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಸಾಹೇಬರು ಕೆಮ್ಮಿ, "ರುಚಿಯರ ಇತ್ತೇನ್ರಿ?" ಎಂದು ಮೆಲ್ಲಗೆ ಕೇಳಿದರು.

ಅಷ್ಟು ಉಪ್ಪನ್ನು ಗೆದ್ದು ಬಂದಿದ್ದ ಆ ಕಾಳನ್ನು ನಾನು, ಸಪ್ಪಗಿದೆಯೆಂದು ಮೇಲೆ ಉಪ್ಪು ಕೇಳಿ ಉದುರಿಸಿಕೊಂಡು ತಿಂದಿದ್ದೆ!