ವೇಗ ಪರೀಕ್ಷೆಗೆ ಅಮ್ಮನ ಧ್ವನಿ ಬಳಸುವುದನ್ನು ನಿಷೇಧಿಸುವ ಕುರಿತು

ಗೃಹ ಗಣಕಯಂತ್ರ ಇಲಾಖೆ
(ನಡುಮನೆಯ ಕಿಟಕಿ ಪಕ್ಕದ ಮೇಜು)

ಸುತ್ತೋಲೆ ಸಂಖ್ಯೆ: ಗೃಗಇ/ಎಸ್‌ಎಸ್‌ಡಿ/ಸಾಕಪ್ಪಾ ಸಾಕು/೨

ವಿಷಯ: ಎಸ್‌ಎಸ್‌ಡಿಗಳ (ಹೊಸ ಬಗೆಯ ವೇಗದ ಡಿಸ್ಕುಗಳ) ವೇಗ ಹಾಗೂ ವಿಶ್ವಾಸಾರ್ಹತೆಯ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವ ಬಗ್ಗೆ.

ಉಲ್ಲೇಖ: ೧. ಯಜಮಾನರ ಮೌಖಿಕ ಭರವಸೆ: "ನಾನಿದೀನಲ್ಲ, ಏನೂ ಆಗಲ್ಲ."
೨. ಆದದ್ದು.

ಈ ಮನೆಯ ಯಜಮಾನರು ಹಳೆಯ ಹಾರ್ಡ್ ಡಿಸ್ಕನ್ನು ಆಮೆಯೆಂದು ಮೂಗು ಮುರಿದು, ಎರಡು ಎಸ್‌ಎಸ್‌ಡಿ ತಂದು, ಯಾವುದು ಹೆಚ್ಚೆಂದು ಊಟ ನಿದ್ದೆ ಬಿಟ್ಟು ಹೋಲಿಸಿರುತ್ತಾರೆ. ಪರೀಕ್ಷೆಗೆ ಮನೆಯಲ್ಲಿದ್ದ ಅತಿ ದೊಡ್ಡ ಫೋಲ್ಡರನ್ನೇ ಆಯ್ದಿರುತ್ತಾರೆ. ಅದರಲ್ಲಿದ್ದುದು ಮನೆಯೊಡತಿಯ ತೀರಿಹೋದ ತಾಯಿಯ ಧ್ವನಿಮುದ್ರಣಗಳು. ಕಾಪಿ ಮಾಡಿದರೆ ಜಾಗ ದಂಡವೆಂದು ಹಳೆಯ ಡಿಸ್ಕಿನಿಂದ ಕಟ್ ಮಾಡಿ, ಒಂದು ಎಸ್‌ಎಸ್‌ಡಿಯಿಂದ ಇನ್ನೊಂದಕ್ಕೆ ಸಾಗಿಸುತ್ತ, ವಿಶ್ವಾಸಾರ್ಹತೆ ನೋಡಲೆಂದು ನಡುವೆಯೇ ಎರಡರ ಕೇಬಲನ್ನೂ ಕಿತ್ತಿರುತ್ತಾರೆ. ತರುವಾಯ ಎರಡರಲ್ಲೂ ಖಾಲಿ ಫೋಲ್ಡರ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿದ್ದು, ವೇಗದ ಬಗ್ಗೆ ಇಲಾಖೆಯ ತಕರಾರು ಇರುವುದಿಲ್ಲ.

ಆದ್ದರಿಂದ ಸಂಬಂಧಪಟ್ಟವರಿಗೆ (ಒಬ್ಬರೇ) ಕೆಳಕಂಡಂತೆ ಆದೇಶಿಸಲಾಗಿದೆ:

೧. ಪರೀಕ್ಷೆಗೆ ಯಜಮಾನರು ಹಾಡಿರುವ ವಿಡಿಯೋಗಳನ್ನು ಮಾತ್ರ ಬಳಸತಕ್ಕದ್ದು. ಅವು ಅಳಿಸಿಹೋದರೆ ಅಕ್ಕಪಕ್ಕದ ಮನೆಯವರ ಆಕ್ಷೇಪಣೆ ಇರುವುದಿಲ್ಲ.

೨. ಎಸ್‌ಎಸ್‌ಡಿ ಸದ್ದೇ ಮಾಡುವುದಿಲ್ಲವೆಂದು ಬಂದವರೆದುರು ಕೊಂಡಾಡತಕ್ಕದ್ದಲ್ಲ. ಅದು ಕೈಕೊಟ್ಟಿದ್ದೂ ಸದ್ದಿಲ್ಲದೆಯೇ.

೩. ಕಂಪ್ಯೂಟರ್ ಬೇಗ ಆನ್ ಆಗಿ ಉಳಿಯುವ ಸಮಯವನ್ನು ಪಾತ್ರೆ ತೊಳೆಯಲು ವಿನಿಯೋಗಿಸತಕ್ಕದ್ದು. ಎರಡು ಸ್ಕ್ರಬ್ಬರುಗಳ ವೇಗವನ್ನು ಹೋಲಿಸತಕ್ಕದ್ದಲ್ಲ.

೪. ವಿಶ್ವಾಸಾರ್ಹತೆಯ ನೆಪದಲ್ಲಿ ಓಡುತ್ತಿರುವ ಮಿಕ್ಸಿ, ಫ್ಯಾನು ಅಥವಾ ಮಾತಾಡುತ್ತಿರುವ ಹೆಂಡತಿಯ ವೈರ್ ಕೀಳತಕ್ಕದ್ದಲ್ಲ.

೫. ಅಲುಗಾಡುವ ಮೇಜಿನ ಕಾಲಿನಡಿ ನಿಯೋಜನೆಗೊಂಡಿದ್ದ ಸದರಿ ಆಮೆಯನ್ನು ಮನೆಯೊಡತಿಯ ತಂಗಿ ಮತ್ತೆ ಜೋಡಿಸಿರುತ್ತಾಳೆ. ಅದು ಕಟಕಟ ಗೊಣಗುತ್ತ, ಎಲ್ಲರ ತಾಳ್ಮೆ ಪರೀಕ್ಷಿಸಿ, ಅಂದು ಕಟ್ ಮಾಡುವಾಗ ಹಠ ಹಿಡಿದು ಬಿಟ್ಟುಕೊಡದಿದ್ದ ಒಂದೇ ಒಂದು ಮುದ್ರಣವನ್ನು ಒಪ್ಪಿಸಿರುತ್ತದೆ. ಅದರಲ್ಲಿ ತಾಯಿಯವರು ಹೇಳಿರುವುದು: "ಅಳಿಯಂದ್ರೇ, ಮೊದಲು ಊಟಕ್ಕೆ ಬನ್ನಿ. ಆ ಡಬ್ಬ ಎಲ್ಲೂ ಓಡಿಹೋಗಲ್ಲ." ಯಜಮಾನರು ತಲೆ ತಗ್ಗಿಸಿ ಕೂತಿದ್ದನ್ನೂ ಮನೆಯೊಡತಿಗೆ ಅಳು ಬಂದಿದ್ದನ್ನೂ ದಾಖಲಿಸಲಾಗಿದೆ.

೬. ಸದರಿ ಮಾತನ್ನು ಪ್ರತಿದಿನ ಊಟಕ್ಕೆ ಮುನ್ನ ಆ ಡಿಸ್ಕಿನಿಂದಲೇ ಕೇಳಿಸತಕ್ಕದ್ದು. ಎಷ್ಟೇ ಹೊತ್ತಾದರೂ ಯಾರೂ ಗಡಿಯಾರ ನೋಡತಕ್ಕದ್ದಲ್ಲ.

(ಸಹಿ)
ಮನೆಯೊಡತಿ
ಪ್ರಭಾರ ಗಣಕಾಧಿಕಾರಿ
(ಹಿಂದಿನ ಅಧಿಕಾರಿ ಅಮಾನತಿನಲ್ಲಿರುವ ಪ್ರಯುಕ್ತ)

ಪ್ರತಿಗಳು:
೧. ಯಜಮಾನರಿಗೆ, ಫ್ರಿಜ್ಜಿನ ಬಾಗಿಲ ಮೇಲೆ.
೨. ತಂಗಿಗೆ, ಅಮ್ಮನ ಧ್ವನಿ ಸಹಿತ. (ಕಾಪಿ ಮಾಡಿದ್ದು, ಕಟ್ ಮಾಡಿದ್ದಲ್ಲ.)
೩. ಎರಡೂ ಎಸ್‌ಎಸ್‌ಡಿಗಳಿಗೆ, ಮೇಜಿನ ಕಾಲಿನಡಿ ಕೂಡಲೇ ಕರ್ತವ್ಯಕ್ಕೆ ಹಾಜರಾಗಲು.
೪. ಹಳೆಯ ಹಾರ್ಡ್ ಡಿಸ್ಕಿಗೆ, ನಿಧಾನವಾಗಿ ಓದಿಕೊಳ್ಳಲು.